ಪುತ್ತೂರು–ಸುಳ್ಯ–ಕಡಬ: ಕರ್ನಾಟಕದ ಕಬ್ಬಿಣ–ಉಕ್ಕು ಉದ್ಯಮದ ಘಟ್ಟದ ಹಾದಿ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಹೇಳಿಕೊಳ್ಳುವಂಥ ಕಬ್ಬಿಣದ ಗಣಿಯೂ ಇಲ್ಲ, ಉಕ್ಕಿನ ಕಾರ್ಖಾನೆಯೂ ಇಲ್ಲ. ಇಲ್ಲಿನ ಗುಡ್ಡೆಗಳ ಮುರಕಲ್ಲು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದಲೇ. ಆದರೆ ಕುಲುಮೆಗೆ ಹಾಕಿ ಲಾಭ ನೋಡುವಷ್ಟು ಲೋಹ ಅದರಲ್ಲಿಲ್ಲ. ಕಡಿದು ಗೋಡೆ ಕಟ್ಟಲು ಮಾತ್ರ ಅದು ಲಾಯಕ್ಕು. ಅಡಿಕೆ, ರಬ್ಬರು, ಕೊಕ್ಕೊ, ಕಾಳುಮೆಣಸು ಇಲ್ಲಿನ ಬದುಕು. ಈ ಭಾಗದ ಹೆಸರಾಂತ ಕಾರ್ಖಾನೆಯೆಂದರೆ 1986ರಲ್ಲಿ ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ತೆರೆದ ಚಾಕೊಲೇಟ್ ಕಾರ್ಖಾನೆ. ಹೀಗಿದ್ದರೂ ಕರ್ನಾಟಕದ ಕಬ್ಬಿಣ–ಉಕ್ಕಿನ ವ್ಯಾಪಾರದ ಚರಿತ್ರೆಯಲ್ಲಿ ಈ ಮೂರು ತಾಲೂಕುಗಳಿಗೆ ಒಂದು ಜಾಗವಿದೆ. ಬಳ್ಳಾರಿ–ಹೊಸಪೇಟೆಯ ಅದಿರು ಕಡಲಿಗೆ ಇಳಿಯಲು ಕಟ್ಟಿದ ರೈಲು ಹಾದಿ ಹಾದುಹೋಗುವುದು ನೆಟ್ಟಣ, ಕೋಡಿಂಬಾಳ, ಎಡಮಂಗಲ, ಕಾಣಿಯೂರು, ನರಿಮೊಗರು, ಕಬಕ ಪುತ್ತೂರುಗಳ ಮೂಲಕ. ಲಾರಿಯ ಹಾದಿ ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿಗಳ ಮೂಲಕ. ಕರ್ನಾಟಕದ ಉಕ್ಕಿನ ಲಾಭ–ನಷ್ಟವನ್ನು ಕುಲುಮೆಯ ಬಿಸಿಗಿಂತ ಸಾಗಣೆಯ ಖರ್ಚೇ ಹೆಚ್ಚು ತೀರ್ಮಾನಿಸಿದೆ ಎಂಬುದು ಈ ಹಾದಿಯನ್ನು ನೋಡಿದರೆ ತಿಳಿಯುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಒಂದು ಟನ್ ಉಕ್ಕು ಮಾಡಲು ಸುಮಾರು ಒಂದೂವರೆ ಟನ್ ಅದಿರು, ಮುಕ್ಕಾಲು ಟನ್ನಿನ ಆಸುಪಾಸು ಕಲ್ಲಿದ್ದಲು, ಅದರ ಮೇಲೆ ಸುಣ್ಣಕಲ್ಲು ಬೇಕು. ತಯಾರಾಗುವ ಸರಕಿಗಿಂತ ಕಚ್ಚಾ ಸರಕಿನ ತೂಕ ಎರಡು ಪಟ್ಟಿಗೂ ಹೆಚ್ಚು. ಜಾರ್ಖಂಡ್, ಒಡಿಶಾ, ಛತ್ತೀಸಗಢಗಳಲ್ಲಿ ಅದಿರೂ ಕಲ್ಲಿದ್ದಲೂ ಒಂದು ಹಗಲಿನ ಹಾದಿಯೊಳಗೆ ಸಿಗುತ್ತವೆ. ಕರ್ನಾಟಕದಲ್ಲಿ ಅದಿರು ಇದೆ, ಕಲ್ಲಿದ್ದಲು ಇಲ್ಲ. ಆದ್ದರಿಂದ ಇಲ್ಲಿ ಎರಡೇ ದಾರಿ: ಅದಿರನ್ನು ಹೊರಗೆ ಕಳಿಸುವುದು, ಇಲ್ಲವೇ ಕಲ್ಲಿದ್ದಲನ್ನು ಒಳಗೆ ತರುವುದು. ಎರಡಕ್ಕೂ ಬಂದರು ಬೇಕು. ಪಶ್ಚಿಮದ ಬಂದರಿಗೆ ಹೋಗಬೇಕಾದರೆ ಘಟ್ಟ ಇಳಿಯಬೇಕು.

ಭದ್ರಾವತಿ: ಇದ್ದಿಲಿನ ಕಾಲ

ಮೈಸೂರು ಸೀಮೆಯಲ್ಲಿ ಕಬ್ಬಿಣ ಕರಗಿಸುವ ಕಸುಬು ಹಳೆಯದು. 1800–01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಾಗಡಿ, ಮಧುಗಿರಿ ಕಡೆಯ ಮಣ್ಣಿನ ಕುಲುಮೆಗಳನ್ನು, ಮೂಸೆಯಲ್ಲಿ ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅಗ್ಗದ ಆಮದು ಕಬ್ಬಿಣ ಬಂದ ಮೇಲೆ ಆ ಕುಲುಮೆಗಳು ಆರಿದವು. ಹೊಸ ಕಾಲದ ಉದ್ಯಮ ಶುರುವಾದದ್ದು ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹಟದಿಂದ. 1918ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ 1923ರ ಜನವರಿಯಲ್ಲಿ ಊದು ಕುಲುಮೆಗೆ ಬೆಂಕಿ ಬಿತ್ತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ, ಟ್ರಾಮ್ ಹಳಿಯ ಮೇಲೆ ಇಳಿದು ಬರುತ್ತಿತ್ತು. ಕಲ್ಲಿದ್ದಲಿಗೆ ಬದಲು ಮಲೆನಾಡಿನ ಮರ ಸುಟ್ಟ ಇದ್ದಿಲು. ಮರ ಸುಡುವಾಗ ಸಿಗುವ ಉಪ ಉತ್ಪನ್ನಗಳನ್ನೂ ಮಾರಬೇಕೆಂಬುದು ಯೋಜನೆಯ ಭಾಗ.

ಕಾರ್ಖಾನೆ ಯೋಚನೆಯಲ್ಲಿದ್ದಾಗ ಮೊದಲ ಮಹಾಯುದ್ಧದಿಂದ ಬೀಡುಕಬ್ಬಿಣದ ಬೆಲೆ ಏರಿತ್ತು; ಕುಲುಮೆ ಹೊತ್ತುವ ಹೊತ್ತಿಗೆ ಬಿದ್ದುಹೋಗಿತ್ತು. ನಷ್ಟ ತೋರಿದಾಗ ಟೀಕೆಗಳ ಮಳೆಯೇ ಸುರಿಯಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಿಂತು ಖರ್ಚು ಕಡಿಮೆ ಮಾಡಿ ಅದನ್ನು ದಡ ಹತ್ತಿಸಿದರು. 1936ರಲ್ಲಿ ಉಕ್ಕಿನ ವಿಭಾಗ ಸೇರಿತು. ನಂತರ ಇದ್ದಿಲಿನ ಮಿತಿ ಕಾಡಿ, 1952ರಲ್ಲಿ ಜೋಗದ ಕಡೆಯ ವಿದ್ಯುತ್ತನ್ನು ನೆಚ್ಚಿದ ವಿದ್ಯುತ್ ಕುಲುಮೆಗಳು ಬಂದವು. ಕಾಡು ಬೆಳೆಯುವ ವೇಗಕ್ಕಿಂತ ಹೆಚ್ಚು ಕಬ್ಬಿಣ ಕರಗಿಸಲಾಗದ ಕಾರ್ಖಾನೆಯದು. ಆದ್ದರಿಂದ ಉತ್ಪಾದಕತೆಯ ಮೇಲ್ಮಿತಿ ಅದರ ಹುಟ್ಟಿನಲ್ಲೇ ಇತ್ತು. ಅದೇ ಕಾಲದಲ್ಲಿ ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ 1924ರ ಉಕ್ಕು ಉದ್ಯಮ ರಕ್ಷಣಾ ಕಾಯ್ದೆಯ ಆಮದು ಸುಂಕದ ಆಸರೆಯಲ್ಲಿ, ಪಕ್ಕದಲ್ಲೇ ಇದ್ದ ಕಲ್ಲಿದ್ದಲಿನ ಬಲದಲ್ಲಿ ಬೆಳೆಯುತ್ತ ಹೋಯಿತು.

ಭದ್ರಾವತಿಯ ಮುಂದಿನ ಕತೆ ಚಿಕ್ಕದು, ನೋವಿನದು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಪೂರ್ತಿ ವಿಲೀನವಾಯಿತು. ಸ್ವಂತ ಅದಿರಿನ ಗಣಿ ಕೈತಪ್ಪಿದ ಮೇಲೆ ವಿಶೇಷ ಉಕ್ಕಿನ ಹೆಸರೊಂದೇ ಉಳಿಯಿತು. 2023ರ ಜನವರಿಯಲ್ಲಿ, ನೂರು ತುಂಬಿದ ತಿಂಗಳಲ್ಲೇ, ಪ್ರಾಧಿಕಾರ ಅದನ್ನು ಮುಚ್ಚಲು ತೀರ್ಮಾನಿಸಿತು; ಕಾರ್ಮಿಕರ ಹೋರಾಟದ ನಂತರ ಒಂದಿಷ್ಟು ಕೆಲಸ ಮತ್ತೆ ಚಾಲೂ ಆಯಿತು.

ಘಟ್ಟ ಇಳಿದ ಅದಿರು

ಸ್ವಾತಂತ್ರ್ಯಾನಂತರ ಬಳ್ಳಾರಿ–ಹೊಸಪೇಟೆಯ ಉತ್ತಮ ದರ್ಜೆಯ ಹೆಮಟೈಟ್ ಅದಿರು ಜಪಾನಿನ ಕುಲುಮೆಗಳಿಗೆ ಹೋಗತೊಡಗಿತು. ಅದರ ರಫ್ತನ್ನು 1963ರಲ್ಲಿ ಹುಟ್ಟಿದ ಸರ್ಕಾರಿ ವ್ಯಾಪಾರ ಸಂಸ್ಥೆ ಎಂಎಂಟಿಸಿ ನೋಡಿಕೊಳ್ಳುತ್ತಿತ್ತು. ಅದಿರು ಹೋಗುತ್ತಿದ್ದದ್ದು ಮುಖ್ಯವಾಗಿ ಮದರಾಸು ಬಂದರಿಗೆ. ಕರ್ನಾಟಕದ ಅದಿರಿಗೆ ಕರ್ನಾಟಕದ್ದೇ ಬಂದರು ಬೇಕೆಂಬ ಕೂಗಿನ ಫಲ ಪಣಂಬೂರಿನ ನವಮಂಗಳೂರು ಬಂದರು. ಅದರ ಕೆಲಸ 1962ರಲ್ಲಿ ಆರಂಭವಾಗಿ, 1974ರ ಮೇ 4ರಂದು ಅದು ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಬಂದರಿನ ಜೋಡಿ ಯೋಜನೆಯಾಗಿ ಬಂದದ್ದು ಹಾಸನ–ಮಂಗಳೂರು ರೈಲು.

ಮಂಗಳೂರಿಗೆ 1907ರಲ್ಲೇ ಕೇರಳದ ಕಡೆಯಿಂದ ರೈಲು ಬಂದಿತ್ತು. ಅಲ್ಲಿಂದ ಘಟ್ಟದ ಮೇಲಿನ ಮೈಸೂರಿಗೆ ಮಾತ್ರ ಹಳಿ ಇರಲಿಲ್ಲ. 180ಕ್ಕೂ ಹೆಚ್ಚು ಕಿಲೋಮೀಟರಿನ ಈ ಮೀಟರ್ ಗೇಜ್ ಮಾರ್ಗ 1960ರ ದಶಕದ ನಡುವಿನಿಂದ ತುಂಡುತುಂಡಾಗಿ ಕಟ್ಟಿಸಿಕೊಂಡು 1979ರಲ್ಲಿ ಪೂರ್ತಿಯಾಯಿತು. ಇದರ ಕಠಿಣ ಭಾಗ ಕಡಬ ತಾಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ಅಷ್ಟರಲ್ಲಿ 57 ಸುರಂಗಗಳು, ಇನ್ನೂರಕ್ಕೂ ಮಿಕ್ಕ ಸೇತುವೆಗಳು. ಏರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರ. ರೈಲಿನ ಮಟ್ಟಿಗೆ ಇದು ಬಲು ಕಡಿದು. ನೆಟ್ಟಣದಲ್ಲಿ ಗೂಡ್ಸ್ ರೈಲು ನಿಂತಿತೆಂದರೆ ಹಿಂದಕ್ಕೆ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಏರುವಾಗ ಅವು ತಳ್ಳುತ್ತವೆ, ಇಳಿಯುವಾಗ ಹಿಡಿದಿಡುತ್ತವೆ. ಅದಿರಿನ ರೈಲಿಗೆ ಇಳಿಯುವಾಗಲೇ ಭಾರ, ಏರುವಾಗ ಖಾಲಿ. ಎಂಜಿನ್ನಿಗಿಂತ ಬ್ರೇಕಿಗೆ ಹೆಚ್ಚು ಕೆಲಸ. ಒಂದೇ ಹಳಿ, ನಿಧಾನದ ವೇಗ, ಎಂಜಿನ್ ಜೋಡಿಸಿ ಬಿಚ್ಚುವ ಹೊತ್ತು, ಇವೆಲ್ಲ ಸೇರಿ ದಿನಕ್ಕೆ ಎಷ್ಟು ರೈಲು ಇಳಿಯಬಹುದೆಂಬುದಕ್ಕೆ ಗಟ್ಟಿ ಮಿತಿ ಹಾಕಿವೆ. ಮಳೆಗಾಲದ ಕುಸಿತ ಬೇರೆ. 2018ರ ಆಗಸ್ಟಿನಲ್ಲಿ, ಮತ್ತೆ 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ಕಡೆ ಗುಡ್ಡ ಜರಿದು ಸಂಚಾರ ನಿಂತಿತು. ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಹೋಗುವ ಭಕ್ತರಿಗೆ ತೊಂದರೆಯಾದದ್ದು ಪತ್ರಿಕೆಗಳಲ್ಲಿ ಬರುತ್ತದೆ. ಬಂದರಿನಲ್ಲಿ ಹಡಗು ಕಾದು ಕಟ್ಟುವ ದಂಡದ ಸುದ್ದಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾರ್ಗದ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ ಘಟ್ಟದ ಇನ್ನೊಂದು ಮಗ್ಗುಲಲ್ಲಿ ಬೇರೆಯದೇ ಪ್ರಯೋಗ ನಡೆದಿತ್ತು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಮ್ಯಾಗ್ನಟೈಟ್ ನಿಕ್ಷೇಪವನ್ನು 1913ರಲ್ಲೇ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. 1975ರಲ್ಲಿ ಇರಾನಿನೊಂದಿಗೆ ಒಪ್ಪಂದವಾಗಿ, 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಾರೀಕೃತ ಅದಿರು ಮಾಡುವ ಗುರಿ. ಇಲ್ಲಿ ರೈಲು, ಲಾರಿ ಯಾವುದೂ ಬೇಡವೆಂದು ಅದಿರನ್ನು ಪುಡಿಮಾಡಿ, ನೀರಿನೊಡನೆ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಸಾಗಣೆಯ ದೃಷ್ಟಿಯಿಂದ ಇದು ರೈಲಿಗಿಂತ ಜಾಣ ಉಪಾಯ; ಘಟ್ಟದ ಇಳಿಜಾರೇ ದುಡಿಯುತ್ತಿತ್ತು. ವ್ಯಾಪಾರದ ದೃಷ್ಟಿಯಿಂದ ಮಾತ್ರ ಒಬ್ಬನೇ ಗಿರಾಕಿಯನ್ನು ನಂಬಿದ್ದು ತಪ್ಪಾಯಿತು. 1979ರಲ್ಲಿ ಇರಾನಿನ ದೊರೆತನ ಉರುಳಿತು, ಕೊಳ್ಳುವವರಿಲ್ಲದಾಯಿತು. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕುತ್ತ, 1987ರಲ್ಲಿ ಮಂಗಳೂರಿನಲ್ಲಿ ಉಂಡೆ ಮಾಡುವ ಪೆಲೆಟ್ ಘಟಕ ಕಟ್ಟಿ ಕಂಪನಿ ಬದುಕಿಕೊಂಡಿತು. ಭದ್ರಾ ನದಿಯ ಹುಟ್ಟಿನ ನೆಲವನ್ನು, ಮಳೆಕಾಡನ್ನು ಉಳಿಸಬೇಕೆಂಬ ದಾವೆಯಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ಆದೇಶ ಕೊಟ್ಟ ಪ್ರಕಾರ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಆಮೇಲೆ ಮಂಗಳೂರಿನ ಪೆಲೆಟ್ ಘಟಕಕ್ಕೆ ಛತ್ತೀಸಗಢದ ಬೈಲಾಡಿಲ ಅದಿರು ವಿಶಾಖಪಟ್ಟಣದಿಂದ ಹಡಗಿನಲ್ಲಿ ಕನ್ಯಾಕುಮಾರಿಯನ್ನು ಬಳಸಿ ಬರಬೇಕಾಯಿತು. ಬೆನ್ನ ಹಿಂದೆ ಬಳ್ಳಾರಿ ಇದ್ದೂ ಇಂಥ ಸುತ್ತು ಹಾಕಬೇಕಾದ ಕಾರ್ಖಾನೆಗೆ ಉತ್ಪಾದಕತೆಯ ಪಾಠ ಹೇಳುವುದರಲ್ಲಿ ಅರ್ಥವಿಲ್ಲ.

ಲಾರಿಗಳ ವರ್ಷಗಳು

ಹಾಸನ–ಮಂಗಳೂರು ಮಾರ್ಗದ ಘಟ್ಟದ ಭಾಗವನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ಮುಚ್ಚಲಾಯಿತು. ಹತ್ತು ವರ್ಷ ಹಳಿ ಮೂಕವಾಗಿತ್ತು. ಚಾರಣಿಗರಿಗೆ ಅದು ‘ಹಸಿರು ಹಾದಿ’ಯಾಯಿತು. ಚೀನಾದ ಉಕ್ಕಿನ ಹಸಿವು ಕೆರಳಿ ಅದಿರಿನ ಬೆಲೆ ಜಿಗಿದದ್ದು ಸರಿಯಾಗಿ ಈ ಅವಧಿಯಲ್ಲೇ. ರೈಲಿಲ್ಲದೆ ಅದಿರು ಲಾರಿಗಳಲ್ಲಿ ಶಿರಾಡಿ ಘಾಟಿ ಇಳಿಯಿತು. ಗುಂಡ್ಯ, ಶಿರಾಡಿ, ನೆಲ್ಯಾಡಿ, ಉಪ್ಪಿನಂಗಡಿಗಳ ಹೆದ್ದಾರಿ ಬದಿಯಲ್ಲಿ ಮನೆ–ಅಂಗಡಿ ಇದ್ದವರಿಗೆ ಆ ವರ್ಷಗಳು ನೆನಪಿವೆ: ಟಾರ್ಪಾಲು ಬಿಗಿದ ಲಾರಿಗಳ ಸಾಲು, ಮಳೆಗೆ ಕೊಚ್ಚಿ ಹೋಗಿ ಹೊಂಡವಾದ ರಸ್ತೆ, ಬೇಸಗೆಯಲ್ಲಿ ಎಲೆಗಳ ಮೇಲೆ ಕೂತ ಕೆಂಪು ಧೂಳು. ರಸ್ತೆ ಹಾಳಾದ ಖರ್ಚು ಅದಿರಿನ ಬೆಲೆಯಲ್ಲಿ ಸೇರಲಿಲ್ಲ. ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನವಾದರೋ 2009ರ ಆಗಸ್ಟ್‌ವರೆಗೆ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಮಾರುಕಟ್ಟೆಯಲ್ಲಿ ಅದೇ ಟನ್ನು ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. ಆಮೇಲೆ ಬೆಲೆಯ ಶೇ. 10ರ ಲೆಕ್ಕ ಬಂತು.

ಗೇಜ್ ಪರಿವರ್ತನೆಗೆ 2003ರಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಕಟ್ಟಿದವು. ಬಂದರು ಮಂಡಳಿ ಮತ್ತು ಒಂದು ಖಾಸಗಿ ಗಣಿ ಕಂಪನಿಯೂ ಬಂಡವಾಳ ಹಾಕಿದವು. ಈ ಹಳಿ ಯಾರಿಗಾಗಿ ಎಂಬುದು ಪಾಲುದಾರರ ಪಟ್ಟಿಯಲ್ಲೇ ಬರೆದಿತ್ತು. 2006ರಲ್ಲಿ ಸರಕು ರೈಲು ಓಡಿತು, ಪ್ರಯಾಣಿಕರ ರೈಲಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ರೈಲು ಸಿದ್ಧವಾಗಿ ನಾಲ್ಕು ವರ್ಷ ಆಗುವಷ್ಟರಲ್ಲಿ ವ್ಯಾಪಾರವೇ ಕೈಬಿಟ್ಟಿತು. ಅಕ್ರಮ ಗಣಿಗಾರಿಕೆಯ ಗದ್ದಲದ ನಡುವೆ ರಾಜ್ಯ ಸರ್ಕಾರ 2010ರ ಜುಲೈಯಲ್ಲಿ ಬಂದರುಗಳಿಂದ ಅದಿರಿನ ರಫ್ತಿಗೆ ತಡೆ ಹಾಕಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಹೊರಬಂದದ್ದು 2011ರ ಜುಲೈ 27ರಂದು; ಎರಡು ದಿನ ಕಳೆದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ–ತುಮಕೂರಿನವನ್ನೂ. ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ವರ್ಷಕ್ಕೆ 3 ಕೋಟಿ ಟನ್ ಮಿತಿ ಹಾಕಿ, ಇ–ಹರಾಜಿನ ಮೂಲಕ ಮಾತ್ರ ಮಾರಬೇಕೆಂಬ ಷರತ್ತಿನೊಡನೆ ಬಾಗಿಲು ತೆರೆಯಿತು. ಮಿತಿ ಮುಂದೆ 3.5 ಕೋಟಿಗೆ, 2022ರಲ್ಲಿ 5 ಕೋಟಿಗೆ ಏರಿತು. ರಫ್ತಿನ ನಿಷೇಧವನ್ನು ಕೋರ್ಟ್ ತೆಗೆದದ್ದು 2022ರ ಮೇ 20ರಂದು. ಗಣಿ ಮಾಲೀಕರಿಗೆ ಲಡ್ಡು ಹಂಚಲೂ ಪುರುಸೊತ್ತಿರಲಿಲ್ಲ. ಮೇ 22ರಿಂದಲೇ ಕೇಂದ್ರ ಸರ್ಕಾರ ಅದಿರಿನ ಮೇಲೆ ಶೇ. 50, ಪೆಲೆಟ್ ಮೇಲೆ ಶೇ. 45, ಹಲವು ಬಗೆಯ ಉಕ್ಕಿನ ಮೇಲೆ ಶೇ. 15 ರಫ್ತು ಸುಂಕ ಹೇರಿತು. ಅದು ಅದೇ ವರ್ಷದ ನವೆಂಬರಿನವರೆಗೆ ಇತ್ತು.

ತೋರಣಗಲ್ಲು ಮತ್ತು ಉತ್ಪಾದಕತೆಯ ಅಳತೆ

ಅದಿರು ಹೊರಹೋಗದೆ ಉಳಿದಾಗ ಲಾಭವಾದದ್ದು ಯಾರಿಗೆ? ಉತ್ತರ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿದೆ. 1971ರಲ್ಲಿ ಇಂದಿರಾ ಗಾಂಧಿ ಅಲ್ಲಿ ಸರ್ಕಾರಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಕಲ್ಲು ಎರಡು ದಶಕ ಕಲ್ಲಾಗಿಯೇ ಉಳಿಯಿತು. 1994ರಲ್ಲಿ ಜಿಂದಾಲರ ಕಂಪನಿ ಅದೇ ನೆಲಕ್ಕೆ ಬಂದು 1999ರಲ್ಲಿ ಕೋರೆಕ್ಸ್ ಎಂಬ ವಿಧಾನದಲ್ಲಿ ಕಬ್ಬಿಣ ಕರಗಿಸಿತು. ಈ ವಿಧಾನಕ್ಕೆ ದುಬಾರಿ ಕೋಕಿಂಗ್ ಕಲ್ಲಿದ್ದಲು ಅಷ್ಟಾಗಿ ಬೇಡ. ಕಲ್ಲಿದ್ದಲಿಲ್ಲದ ರಾಜ್ಯಕ್ಕೆ ಹೊಂದುವ ಆಯ್ಕೆ. ಮುಂದೆ ದೊಡ್ಡ ಊದು ಕುಲುಮೆಗಳು ಸೇರಿ ಸಾಮರ್ಥ್ಯ ವರ್ಷಕ್ಕೆ 1.2 ಕೋಟಿ ಟನ್ ತಲುಪಿತು. 2024ರಲ್ಲಿ ಇನ್ನೂ 50 ಲಕ್ಷ ಟನ್ನಿನ ವಿಸ್ತರಣೆ ಆಯಿತು. ಒಂದೇ ಜಾಗದ ಕಾರ್ಖಾನೆಗಳಲ್ಲಿ ದೇಶಕ್ಕೇ ದೊಡ್ಡದು. 2011ರ ಅದಿರಿನ ಬರ ಅದಕ್ಕೂ ತಟ್ಟಿತು. ಆದರೆ ಆ ಬರದಲ್ಲೇ ಕೆಳದರ್ಜೆಯ ಅದಿರನ್ನು, ಹಿಂದೆ ಕಸವೆಂದು ಗುಡ್ಡೆ ಹಾಕಿದ್ದ ಪುಡಿಯನ್ನು ತೊಳೆದು ಸಾರೀಕರಿಸಿ ಬಳಸುವ ಕೆಲಸಕ್ಕೆ ವೇಗ ಬಂತು. ರಫ್ತಿನ ಸುಗ್ಗಿಯಲ್ಲಿ ಯಾರೂ ಮಾಡದ ಕೆಲಸವನ್ನು ಕೊರತೆ ಮಾಡಿಸಿತು. ರಫ್ತು ನಿಷೇಧದಿಂದ ದೇಶದ ಉಕ್ಕು ಸೊರಗಿತು ಎಂಬ ವಾದ ಕರ್ನಾಟಕದ ಮಟ್ಟಿಗೆ ನಿಲ್ಲುವುದಿಲ್ಲ. ಸೊರಗಿದ್ದು ಗಣಿ ಮಾಲೀಕರು, ಲಾರಿಯವರು, ಮಂಗಳೂರು ಬಂದರು ಮತ್ತು ನೆಟ್ಟಣದ ಹಳಿ.

ಉಕ್ಕಿನ ಉತ್ಪಾದಕತೆಯನ್ನು ಮೂರು ರೀತಿಯಲ್ಲಿ ಅಳೆಯುತ್ತಾರೆ. ಒಬ್ಬ ನೌಕರನಿಗೆ ವರ್ಷಕ್ಕೆ ಎಷ್ಟು ಟನ್ ಎಂಬುದು ಎಲ್ಲರ ಬಾಯಲ್ಲಿರುವ ಅಳತೆ, ಎಲ್ಲಕ್ಕಿಂತ ಮೋಸದ್ದೂ ಅದೇ. ಗುತ್ತಿಗೆ ಕಾರ್ಮಿಕರನ್ನು ಲೆಕ್ಕದಿಂದ ಬಿಟ್ಟರೆ ಯಾವ ಕಾರ್ಖಾನೆಯೂ ಚೂಟಿಯಾಗಿ ಕಾಣುತ್ತದೆ. ಕುಲುಮೆಯ ಒಂದು ಘನ ಮೀಟರಿಗೆ ದಿನಕ್ಕೆ ಎಷ್ಟು ಟನ್ ಕಬ್ಬಿಣ ಎಂಬುದು ಎಂಜಿನಿಯರುಗಳ ಅಳತೆ. ಭಾರತದ ಅದಿರಿನಲ್ಲಿ ಅಲ್ಯುಮಿನಾ, ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚಿರುವುದರಿಂದ ಹಳೆಯ ಸರ್ಕಾರಿ ಕುಲುಮೆಗಳು ಇದರಲ್ಲಿ ಬಹುಕಾಲ ಹಿಂದೆ ಬಿದ್ದಿದ್ದವು. ಮೂರನೆಯದು ಇಂಧನ. ಒಂದು ಟನ್ ಕಚ್ಚಾ ಉಕ್ಕಿಗೆ ಭಾರತದಲ್ಲಿ ಸುಮಾರು 6ರಿಂದ 6.5 ಗಿಗಾ ಕ್ಯಾಲರಿ ಬೇಕು, ಹೊರದೇಶದ ಉತ್ತಮ ಕಾರ್ಖಾನೆಗಳಲ್ಲಿ 4.5ರಿಂದ 5. ಇಂಗಾಲದ ಡೈ ಆಕ್ಸೈಡ್ ಟನ್ನಿಗೆ ಸುಮಾರು 2.5 ಟನ್, ಲೋಕದ ಸರಾಸರಿ 1.9ರ ಆಸುಪಾಸು. 2026ರಿಂದ ಯುರೋಪಿಯನ್ ಒಕ್ಕೂಟ ಆಮದು ಉಕ್ಕಿನ ಇಂಗಾಲಕ್ಕೆ ಬೆಲೆ ಕಟ್ಟುವ ವ್ಯವಸ್ಥೆ ಜಾರಿಗೆ ತಂದಿರುವುದರಿಂದ ಮುಂದಿನ ದಿನಗಳಲ್ಲಿ ವ್ಯಾಪಾರದ ತಕ್ಕಡಿಯಲ್ಲಿ ತೂಗುವುದು ಈ ಮೂರನೆಯ ಅಳತೆಯೇ.

2018ರಲ್ಲಿ ಭಾರತ ಜಪಾನನ್ನು ಹಿಂದಿಕ್ಕಿ ಉಕ್ಕು ಉತ್ಪಾದನೆಯಲ್ಲಿ ಎರಡನೆಯ ಸ್ಥಾನಕ್ಕೆ ಬಂತು. 2023–24ರಲ್ಲಿ ದೇಶದ ಕಚ್ಚಾ ಉಕ್ಕು ಸುಮಾರು 14.4 ಕೋಟಿ ಟನ್. ಚೀನಾದ್ದು ಆಗ ನೂರು ಕೋಟಿ ಟನ್ನಿಗೂ ಮೇಲೆ, ಹಾಗಾಗಿ ‘ಎರಡನೆಯ’ ಎಂಬ ಮಾತಿಗೆ ಬೀಗುವಂಥದ್ದೇನಿಲ್ಲ. 2017ರ ರಾಷ್ಟ್ರೀಯ ಉಕ್ಕು ನೀತಿ 2030–31ಕ್ಕೆ 30 ಕೋಟಿ ಟನ್ ಸಾಮರ್ಥ್ಯದ ಗುರಿ ಇಟ್ಟಿದೆ.

ಕೊಳ್ಳುವವರ ಕಡೆಯಿಂದ

ವ್ಯಾಪಾರದ ಇನ್ನೊಂದು ತುದಿಯಲ್ಲಿರುವುದು ಪುತ್ತೂರಿನ ಹಾರ್ಡ್‌ವೇರ್ ಅಂಗಡಿ. 1956ರಿಂದ 1992ರವರೆಗೆ ಕೇಂದ್ರದ ಸರಕು ಸಾಗಣೆ ಸಮೀಕರಣ ನೀತಿಯಿಂದ ದೊಡ್ಡ ಕಾರ್ಖಾನೆಗಳ ಉಕ್ಕಿಗೆ ದೇಶದ ಎಲ್ಲ ರೈಲು ತಾಣಗಳಲ್ಲಿ ಒಂದೇ ಬೆಲೆ ಇತ್ತು. ಭಿಲಾಯಿಯ ಸರಳು ಜಮ್‌ಶೆಡ್‌ಪುರಕ್ಕೂ ಮಂಗಳೂರಿಗೂ ಸಮ. ಜಾರ್ಖಂಡ್, ಒಡಿಶಾಗಳ ಜನರಿಗೆ ತಮ್ಮ ನೆಲದ ಖನಿಜದ ಅನುಕೂಲವೇ ತಪ್ಪಿಹೋಯಿತೆಂಬ ಕೊರಗು ಇದ್ದದ್ದು ನ್ಯಾಯವೇ; ದೂರದ ದಕ್ಷಿಣ ಕನ್ನಡಕ್ಕೆ ಅದು ವರವಾಗಿತ್ತು. ಆದರೆ ರೈಲು ತಾಣದಿಂದ ಮುಂದಿನ ಲಾರಿ ಬಾಡಿಗೆ ಕೊಳ್ಳುವವನದೇ. ಸುಳ್ಯ ತಾಲೂಕು ಕೇಂದ್ರಕ್ಕೆ ಇಂದಿಗೂ ರೈಲಿಲ್ಲ.

ಈ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಕಬ್ಬಿಣ ಬೇಗ ತುಕ್ಕು ಹಿಡಿಯುವ ನೆಲವಿದು. ಅದಕ್ಕೇ ಅಂಗಳದ ಮಾಡಿಗೆ, ಅಡಿಕೆ ಒಣಗಿಸುವ ಚಪ್ಪರಕ್ಕೆ ಸತು ಲೇಪಿಸಿದ, ಬಣ್ಣ ಬಳಿದ ತಗಡೇ ಬೇಕು. ದೇಶದ ತಲಾ ಉಕ್ಕಿನ ಬಳಕೆ 2023–24ರಲ್ಲಿ ಸುಮಾರು 98 ಕಿಲೋ, ಲೋಕದ ಸರಾಸರಿ 220ರ ಹತ್ತಿರ. ಹಳ್ಳಿಗಳಲ್ಲಿ ಬಳಕೆ ಇನ್ನೂ ಕಡಿಮೆ.

ಕಡಿಮೆ ಉಕ್ಕಿನಲ್ಲಿ ಹೆಚ್ಚು ಕೆಲಸ ತೆಗೆಯುವುದೂ ಉತ್ಪಾದಕತೆಯೇ. ಅದಕ್ಕೆ ದೇಶದಲ್ಲಿ ತೋರಿಸಬಹುದಾದ ಉತ್ತಮ ನಿದರ್ಶನ ಸುಳ್ಯದ್ದು. ಇಲ್ಲಿನ ಹೊಳೆಗಳು ಮಳೆಗಾಲದಲ್ಲಿ ಊರುಗಳನ್ನು ಕತ್ತರಿಸಿ ಹಾಕುತ್ತವೆ. ಉಪ್ಪಿನಂಗಡಿ–ಕಡಬ ರಸ್ತೆಯ ಹೊಸ್ಮಠದ ಮುಳುಗು ಸೇತುವೆ, ಹೊಸತು ಆಗುವವರೆಗೂ, ಪ್ರತಿ ಜೋರು ಮಳೆಗೆ ನೀರಿನಡಿ ಹೋಗುತ್ತಿತ್ತು. ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಸುಳ್ಯದಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನವರ ಕೋರಿಕೆಯ ಮೇಲೆ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಉಕ್ಕಿನ ಹಗ್ಗ ದೊಡ್ಡ ಎಳೆತವನ್ನು ತಾಳುತ್ತದೆ. ಎರಡು ದಡದಲ್ಲಿ ಕಂಬ, ನೆಲದಲ್ಲಿ ಹೂತ ಕಾಂಕ್ರೀಟಿನ ಗೂಟ, ನಡುವೆ ಹಗ್ಗಕ್ಕೆ ನೇತುಹಾಕಿದ ಕಾಲುದಾರಿ. ಹೊಳೆಯಲ್ಲಿ ಕಾಲೂರುವ ಕಂಬವೇ ಬೇಡ, ನೆರೆಗೆ ಅಡ್ಡಿಯಿಲ್ಲ. ಬಿಡಿಭಾಗಗಳನ್ನು ವರ್ಕ್‌ಶಾಪಿನಲ್ಲಿ ಮಾಡಿ, ದಾರಿಯಿಲ್ಲದ ಕಡೆ ತಲೆಹೊರೆಯಲ್ಲಿ ಒಯ್ಯಬಹುದು. ಊರವರೂ ಕೆಲಸಕ್ಕೆ ಸೇರುತ್ತಿದ್ದರು. ಕಾಂಕ್ರೀಟ್ ಸೇತುವೆಯ ಒಂದು ಸಣ್ಣ ಪಾಲಿನ ಖರ್ಚಿನಲ್ಲಿ, ತಿಂಗಳುಗಳ ಲೆಕ್ಕದಲ್ಲಿ ಕೆಲಸ ಮುಗಿಯುತ್ತಿತ್ತು. ಹೀಗೆ ಕರ್ನಾಟಕ, ಕೇರಳ, ತೆಲಂಗಾಣ, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು ತೂಗುಸೇತುವೆಗಳಾದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೋಟಿ ಟನ್ನುಗಳ ಅಂಕಿಅಂಶಗಳಲ್ಲಿ ಈ ಸೇತುವೆಗಳಿಗೆ ಖರ್ಚಾದ ಉಕ್ಕು ದಶಾಂಶಕ್ಕೂ ಸಿಗದು. ಆದರೆ ಒಂದು ಟನ್ ಉಕ್ಕು ಎಷ್ಟು ಮಕ್ಕಳನ್ನು ಮಳೆಗಾಲದಲ್ಲಿ ಶಾಲೆಗೆ ದಾಟಿಸಿತು ಎಂದು ಅಳೆಯುವ ಪದ್ಧತಿ ಇದ್ದಿದ್ದರೆ ಸುಳ್ಯ ತೋರಣಗಲ್ಲಿನ ಪಕ್ಕದಲ್ಲಿ ಕೂರುತ್ತಿತ್ತು.

ಇಂದಿನ ಸ್ಥಿತಿ

ಘಟ್ಟದ ಹಳಿಯಲ್ಲಿ ಈಗ ಕಲ್ಲಿದ್ದಲು, ರಸಗೊಬ್ಬರ, ತೈಲೋತ್ಪನ್ನಗಳಂಥ ಸರಕು ಬಂದರಿನಿಂದ ಮೇಲಕ್ಕೆ ಏರುತ್ತದೆ. ಇಳಿಯುವ ಅದಿರಿಗೆಂದು ಕಟ್ಟಿದ ಮಾರ್ಗದಲ್ಲಿ ಭಾರ ಹೆಚ್ಚಾಗಿ ಏರುಮುಖವಾಗಿದೆ. ಆದ್ದರಿಂದ ಬ್ಯಾಂಕರ್ ಎಂಜಿನ್‌ಗಳ ಖರ್ಚು, ಹೊತ್ತು ಎರಡೂ ಹೆಚ್ಚು.

ದೇಶದ ಮಟ್ಟದಲ್ಲಿ ಉಕ್ಕಿನ ವ್ಯಾಪಾರದ ಮುಖವೂ ತಿರುಗಿತ್ತು. 2024–25ರಲ್ಲಿ ಭಾರತ ಸುಮಾರು 95 ಲಕ್ಷ ಟನ್ ಸಿದ್ಧ ಉಕ್ಕನ್ನು ಆಮದು ಮಾಡಿಕೊಂಡು, 49 ಲಕ್ಷ ಟನ್ ಮಾತ್ರ ರಫ್ತು ಮಾಡಿತು. ಅಗ್ಗದ ಆಮದು ತಡೆಯಲು 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಚಪ್ಪಟೆ ಉಕ್ಕಿನ ಮೇಲೆ ಶೇ. 12ರ ತಾತ್ಕಾಲಿಕ ರಕ್ಷಣಾ ಸುಂಕ ಹಾಕಿತು. 1924ರ ಕಾಯ್ದೆ ಕಾಪಾಡಿದ್ದು ಆಗಷ್ಟೇ ಕಾಲೂರುತ್ತಿದ್ದ ಉದ್ಯಮವನ್ನು. 2025ರ ಸುಂಕ ಕಾಪಾಡಿದ್ದು ಲೋಕದ ಎರಡನೆಯ ದೊಡ್ಡ ಉದ್ಯಮವನ್ನು. ಆ ಸುಂಕದ ಒಂದು ಪಾಲನ್ನು ತೆರುವವರು ಕಡಬದಲ್ಲಿ ಮಾಡಿಗೆ ತಗಡು ಕೊಳ್ಳುವವರು. ಸುಂಕ ಹಾಕುವುದೇ ಆದರೆ, ಅದರ ಅವಧಿಯೊಳಗೆ ಇಂಧನದ ಖರ್ಚು ಇಷ್ಟು ಇಳಿಸಬೇಕೆಂಬ ಷರತ್ತನ್ನೂ ಕಾರ್ಖಾನೆಗಳಿಗೆ ಹಾಕಬೇಕು.